ಎಲ್ಲರದ್ದೂ ಆಯ್ತಾ?

ಕೋಪರಖೈರಣೆಯ ಚಳಿಯನ್ನು ಚಳಿ ಎಂದು ಹೇಳಲು ನನಗೆ ನಾಚಿಕೆ. ಐದರಲ್ಲಿದ್ದ ಫ್ಯಾನು ಎರಡಕ್ಕೆ ಇಳಿಯುತ್ತದೆ, ಬೆಳಿಗ್ಗೆ ನಲ್ಲಿಯ ನೀರು ಕೈಗೆ ಸ್ವಲ್ಪ ಚುರುಕ್ ಅನ್ನುತ್ತದೆ, ಅಷ್ಟೇ. ಅದಕ್ಕೇ ಕೆಳಗಿನ ವಾಚ್‌ಮನ್ ಮಂಗನ ಟೊಪ್ಪಿ ಹಾಕಿ ಕೂರುತ್ತಾನೆ, ಎದುರು ಮನೆಯಾಕೆ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಹಾಲು ತರಲು ಹೋಗುತ್ತಾಳೆ. ನನಗೆ ಈ ಚಳಿಯಿಂದ ಇರುವ ಲಾಭ ಒಂದೇ, ತರಕಾರಿ ಒಳ್ಳೆಯದು ಬರುತ್ತದೆ. ಕೆಂಪು ಗಜ್ಜರಿ, ಎಳೆ ಬಟಾಣಿ, ಮೆಂತೆ ಸೊಪ್ಪು, ಮರಾಠಿಯವರು ಪಾವಟಾ ಅನ್ನುವ ಅವರೆಕಾಳು. ವರ್ಷದ ಉಳಿದ ತಿಂಗಳು ಹೊಟ್ಟೆಗಾಗಿ ತಿಂದರೆ ಈ ಎರಡು ಮೂರು ತಿಂಗಳು ಬಾಯಿಗಾಗಿ ತಿನ್ನುವುದು.

ಅಂಥ ಕಾಲದಲ್ಲಿ, ಕಳೆದ ವರ್ಷ, ನನ್ನ ಗಂಡ ಊಟ ಬಿಟ್ಟರು.

ಹಟ ಮಾಡಿ ಬಿಟ್ಟದ್ದಲ್ಲ. ದೀಪಾವಳಿಗೆ ಮೊದಲು ಇವರಿಗೆ ಡೆಂಗಿ ಜ್ವರ ಬಂತು. ಆಸ್ಪತ್ರೆಯಲ್ಲಿ ಮಲಗಿಸಿದೆವು, ಗ್ಲೂಕೋಸ್ ಬಾಟಲಿ ಹಾಕಿದರು, ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ಹಸಿವು ಮಾತ್ರ ಬರಲಿಲ್ಲ. ಎರಡು ತುತ್ತು ತಿನ್ನುವುದು, ತಟ್ಟೆಯನ್ನು ಆಚೆ ಸರಿಸುವುದು. ಬೆಲ್ಟಿಗೆ ಹೊಸ ತೂತು ಹೊಡೆಸಿದೆವು, ಆಮೇಲೆ ಅದರ ಹಿಂದೆ ಇನ್ನೊಂದು. ಡಾಕ್ಟರು ಎಲ್ಲ ಟೆಸ್ಟ್ ಮಾಡಿಸಿದರು.

"ಹೊಟ್ಟೆಯಲ್ಲಿ ಏನೂ ಇಲ್ಲ" ಅಂದರು.

"ಅದೇ ಅಲ್ಲವಾ ತೊಂದರೆ" ಅಂದೆ ನಾನು.

ಡಾಕ್ಟರು ನಗಲಿಲ್ಲ. "ಸಂಕ್ರಾಂತಿಯವರೆಗೆ ನೋಡುತ್ತೇನೆ. ತೂಕ ಹೀಗೇ ಇಳಿದರೆ ಮತ್ತೆ ಅಡ್ಮಿಟ್ ಮಾಡಿ ಮೂಗಿನಲ್ಲಿ ನಳಿಗೆ ಹಾಕಬೇಕಾದೀತು" ಅಂದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಇವರು ಮೂಗು ಮುಟ್ಟಿಕೊಂಡು ಕೂತಿದ್ದರು. ಆಗಲೇ ನಳಿಗೆ ಹಾಕಿದ್ದಾರೋ ಏನೋ ಎಂಬ ಹಾಗೆ.

ಇವರ ಕೆಲಸ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಠಾಣೆಯ ಹೋಟೆಲ್ ಸೇರಿದವರು. ಮೊದಲು ಟೇಬಲ್ ಒರೆಸಿದರು, ಆಮೇಲೆ ಬಡಿಸಿದರು, ಕಡೆಗೆ ಠಾಣೆಯದೇ ಕೋಪರಿಯಲ್ಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಊಟದ ಹಾಲಿಗೇ ಮುಖ್ಯಸ್ಥರಾದರು. ಮುಖ್ಯಸ್ಥ ಎಂದರೆ ದೊಡ್ಡದೇನಲ್ಲ, ಎಲ್ಲರೂ ಬಡಿಸುವುದನ್ನು ನೋಡುತ್ತಾ ತಾನೂ ಬಡಿಸುವುದು. ಬೆಳಿಗ್ಗೆ ಕತ್ತಲಿರುವಾಗಲೇ ಠಾಣೆ ಲೋಕಲ್ ಹಿಡಿದರೆ ರಾತ್ರಿ ಅಲ್ಲೇ ಉಂಡು ಬರುವವರು. ರಜೆಯ ದಿನವೂ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಹೋಟೆಲಿನ ಗೆಳೆಯರನ್ನು ನೋಡಿ, ಅವರ ಜೊತೆ ಉಂಡು ಬರುವರು. ಮದುವೆಯಾಗಿ ಇಷ್ಟು ವರ್ಷ ಇವರು ಮನೆಯವರ ಜೊತೆ ಕೂತು ಉಂಡದ್ದು ಮದುವೆ ಮುಂಜಿಗೆ ಊರಿಗೆ ಹೋದಾಗ ಮಾತ್ರ. ಅಲ್ಲಿ ಗಂಡಸರ ಪಂಕ್ತಿ ಬೇರೆ, ಹೆಂಗಸರ ಪಂಕ್ತಿ ಬೇರೆ. ಇವರು ಹೇಗೆ ಉಣ್ಣುತ್ತಾರೆ ಎಂದು ನಾನು ನೋಡಿದವಳೇ ಅಲ್ಲ.

ಜ್ವರ ಬಿಟ್ಟ ಮೇಲೆ ಹೋಟೆಲಿನ ಧನಿಗಳು ಹಣ್ಣು ಹಿಡಿದುಕೊಂಡು ಬಂದರು. "ದುಡಿದದ್ದು ಸಾಕು, ಇನ್ನು ಮನೆಯಲ್ಲಿ ರಾಜನ ಹಾಗೆ ಕೂತು ಉಣ್ಣಿ" ಎಂದು ಹೇಳಿ ಹೋದರು.

ನಾವೂ ಹಾಗೇ ಮಾಡಿದೆವು. ಕೈಯಿರುವ ಕುರ್ಚಿ ಇವರಿಗೆ, ಮೊದಲ ತಟ್ಟೆ ಇವರಿಗೆ. ಇವರು ಉಣ್ಣುವವರೆಗೆ ಬೇರೆ ಯಾರೂ ಕೂರಬಾರದು ಎಂದು ನಾನೇ ಕಾನೂನು ಮಾಡಿದೆ. ನನ್ನಮ್ಮ ಅಪ್ಪನಿಗೆ ಬಡಿಸಿ ಆಮೇಲೆ ತಾನು ಉಣ್ಣುತ್ತಿದ್ದಳು. ಗಂಡ ಎದುರಿಗೆ ಕೂತರೆ ಹೆಂಗಸು ಮಾಡುವುದು ಅದನ್ನೇ ಎಂದು ನನ್ನ ಲೆಕ್ಕ. ನನಗೆ ಅವಕಾಶ ಸಿಕ್ಕಿದ್ದು ಈ ವಯಸ್ಸಿನಲ್ಲಿ.

ಇವರು ಕೂತು ತಟ್ಟೆ ನೋಡುವರು, ನಮ್ಮನ್ನು ನೋಡುವರು. "ಎಲ್ಲರದ್ದೂ ಆಯ್ತಾ?" ಎಂದು ಕೇಳುವರು.

"ನಮ್ಮದಿರಲಿ. ನೀವು ಉಣ್ಣಿ."

"ನಿನ್ನದು ಆಯ್ತಾ ಮಾರಾಯ್ತಿ?"

"ನೀವು ಉಂಡ ಮೇಲೆ ನಾನು. ಆರುತ್ತದೆ, ಉಣ್ಣಿ."

ಎರಡು ತುತ್ತು. ತಟ್ಟೆ ಆಚೆಗೆ.

ನಾನೇನು ಸುಮ್ಮನೆ ಕೂರಲಿಲ್ಲ. ಊರಿನಿಂದ ಬಂದ ಕುಚ್ಚಲಕ್ಕಿಯ ಗಂಜಿ ಮಾಡಿ ತುಪ್ಪ ಬಿಟ್ಟೆ. ಚಳಿಗೆ ಆಗುತ್ತದೆ ಎಂದು ಹುರುಳಿ ಸಾರು ಮಾಡಿದೆ, ಬೆಳ್ಳುಳ್ಳಿ ಒಗ್ಗರಣೆಗೆ ಎದುರು ಮನೆಯಾಕೆ ಬಾಗಿಲು ತೆಗೆದು ಮೂಸಿದಳು. ನೀರುದೋಸೆಗೆ ಬಂಗುಡೆ ಗಸಿ ಮಾಡಿದೆ. ಮೀನಿನ ತಲೆ ಇವರ ತಟ್ಟೆಯಲ್ಲಿ ಇವರನ್ನೇ ನೋಡುತ್ತಾ ಮಲಗಿತು, ಇವರು ಅದನ್ನು ನೋಡುತ್ತಾ ಕೂತರು. ನನ್ನ ಸೊಸೆ ಕಲ್ಯಾಣದ ಮರಾಠಿ ಹುಡುಗಿ. ಹುಡುಗಿ ಎಂದು ಅಭ್ಯಾಸಕ್ಕೆ ಹೇಳುವುದು, ನಲವತ್ತು ದಾಟಿದೆ. ಅವಳು ಬಾಜರಿ ಭಾಕರಿ, ಅಂದರೆ ಸಜ್ಜೆ ರೊಟ್ಟಿ, ಬಡಿದು ಬೆಣ್ಣೆ ಇಟ್ಟು ಕೊಟ್ಟಳು. ಮೊಮ್ಮಗಳು ಕಾಲೇಜಿಗೆ ಹೋಗುವವಳು, ಮೊಬೈಲಿನಲ್ಲಿ ಎಂತದೋ ಒತ್ತಿ ಚೀಸ್ ಸುರಿದ ರೊಟ್ಟಿ ತರಿಸಿದಳು.

"ಅಜ್ಜಾ, ಟ್ರೈ ತೋ ಕರೋ" ಅಂದಳು, ತಿಂದಾದರೂ ನೋಡಿ ಅಂತ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವುದು.

ಇವರು ಅದನ್ನು ಎತ್ತಿದರು. ಚೀಸು ನೂಲಿನ ಹಾಗೆ ಎಳೆದುಕೊಂಡು ಬಂತು. "ಇದು ಬೆಂದಿಲ್ಲ" ಎಂದು ಕೆಳಗಿಟ್ಟರು.

ಮಗ ವಾಶಿ ಮಾರ್ಕೆಟಿನಲ್ಲಿ ಒಂದು ಮಂಡಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಚಳಿಗಾಲದಲ್ಲಿ ಬಟಾಣಿ ಚೀಲಗಟ್ಟಲೆ ಮನೆಗೆ ಬರುತ್ತದೆ. ಒಂದು ಮಧ್ಯಾಹ್ನ ಇವರೇ ಕೆಳಗೆ ಕೂತು ಬಟಾಣಿ ಸುಲಿದರು. ನಾವೆಲ್ಲ ನಮ್ಮ ನಮ್ಮ ಕೆಲಸದಲ್ಲಿದ್ದೆವು, ಇವರ ಕಡೆ ಯಾರ ಗಮನವೂ ಇರಲಿಲ್ಲ. ಆಮೇಲೆ ನೋಡಿದರೆ ಸಿಪ್ಪೆ ಬೆಟ್ಟದಷ್ಟು, ಕಾಳು ಅರ್ಧ ಪಾತ್ರೆ.

"ಕಾಳೆಲ್ಲಿ ಹೋಯ್ತು?" ಅಂದೆ.

"ಹುಳ ಇತ್ತು."

"ಹುಳಕ್ಕೆ ಮೀಸೆ ಉಂಟಲ್ಲಾ" ಅಂದೆ. ಇವರ ಮೀಸೆಯಲ್ಲಿ ಹಸಿರು ಅಂಟಿತ್ತು. ಬಾಯಿ ಸತ್ತಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಆದರೆ ಊಟಕ್ಕೆ ಕೂರಿಸಿದರೆ ಮತ್ತೆ ಅದೇ ಕತೆ.

ಜನವರಿ ಹುಟ್ಟಿತು. ಡಾಕ್ಟರು ಹೇಳಿದ ಸಂಕ್ರಾಂತಿ ಹತ್ತಿರ ಬಂತು. ಒಂದು ಭಾನುವಾರ ಮೊಮ್ಮಗಳೇ ಉಪಾಯ ಹೇಳಿದಳು. ಇಡೀ ಆಯುಷ್ಯ ಹೋಟೆಲ್ ಅನ್ನ ತಿಂದವರಿಗೆ ಮನೆ ಅನ್ನ ಹೇಗೆ ಸೇರುತ್ತದೆ, ಹೋಟೆಲಿಗೇ ಕರೆದುಕೊಂಡು ಹೋಗೋಣ ಅಂತ. ನನಗೆ ಸಿಟ್ಟು ಬಂತು. ಆದರೂ ರೇಷ್ಮೆ ಅಂಚಿನ ಸೀರೆ ಉಟ್ಟು ಹೊರಟೆ.

ವಾಶಿಯಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲ್, ಥಾಲಿ ಊಟಕ್ಕೆ ಹೆಸರು. ಭಾನುವಾರ, ಮೇಲಾಗಿ ಚಳಿ, ಜನ ಮದುವೆಗೆ ಬಂದ ಹಾಗೆ. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ನನ್ನ ಮೊಣಕಾಲು ಹಿಡಿಯಿತು. ಒಳಗೆ ಜಾಗ ಸಿಗುವಾಗ ಮೂರು ಗಂಟೆ ದಾಟಿತ್ತು. ಎಲ್ಲರಿಗೂ ಒಟ್ಟಿಗೇ ತಟ್ಟೆ ಬಂತು, ಒಟ್ಟಿಗೇ ಬಡಿಸಿದರು. ಹಸಿವಿಗೆ ನಾನು ಯಾರನ್ನೂ ನೋಡಲಿಲ್ಲ, ಪೂರಿ ಆರುವ ಮೊದಲು ತಿಂದು ಮುಗಿಸಿದೆ. ಅವರೆಕಾಳಿನ ಪಲ್ಯ ಚೆನ್ನಾಗಿತ್ತು. ಸಾಂಬಾರಿಗೆ ಬೆಲ್ಲ ಜಾಸ್ತಿ.

ಇವರು ತಟ್ಟೆ ಬಿಟ್ಟು ಹಾಲ್ ನೋಡುತ್ತಿದ್ದರು. "ಮೂಲೆಯ ಟೇಬಲಿಗೆ ಅನ್ನ ಹೋಗಲಿಲ್ಲ" ಎಂದರು. "ಆ ಮಗುವಿಗೆ ಸಾರು ಬಿಸಿ ಕೊಟ್ಟರಲ್ಲ, ಬಾಯಿ ಸುಡುತ್ತದೆ" ಎಂದರು.

"ಪಪ್ಪಾ, ನಿಮ್ಮ ತಟ್ಟೆ ನೋಡಿ" ಅಂದ ಮಗ.

ಇವರು ಪಾಯಸದ ಬಟ್ಟಲನ್ನು ಮೊಮ್ಮಗಳ ಕಡೆಗೆ ಸರಿಸಿದರು. ಉಳಿದದ್ದು ಹಾಗೇ ಇತ್ತು. ಸೊಸೆ ಕಣ್ಣು ಒರೆಸಿಕೊಂಡಳು, ನಾನು ನೋಡದ ಹಾಗೆ ಮಾಡಿದೆ. ಅಷ್ಟರಲ್ಲಿ ಹಾಲ್ ಖಾಲಿಯಾಗಿ ನಮ್ಮದೊಂದೇ ಟೇಬಲ್ ಉಳಿದಿತ್ತು. ಮಗ ಬಿಲ್ ಕೊಟ್ಟ, ನಾವು ಎದ್ದೆವು. ಇವರು ಕೈ ತೊಳೆದು ಬರುತ್ತೇನೆ ಎಂದು ಹಿಂದಕ್ಕೆ ಹೋದರು.

ಹೋದವರು ಬರಲಿಲ್ಲ.

ಬಾತ್‌ರೂಮಿನಲ್ಲಿ ತಲೆ ತಿರುಗಿ ಬಿದ್ದರೋ ಎಂದು ಮಗ ಓಡಿದ. ಅವನ ಹಿಂದೆ ನಾನು. ಕೈ ತೊಳೆಯುವ ಬೇಸಿನ್ ದಾಟಿದರೆ ಅಡುಗೆಮನೆಯ ಬಾಗಿಲು, ಅದರ ಹೊರಗೆ ಒಂದು ಓಣಿ. ಅಲ್ಲಿ ಹೋಟೆಲಿನ ಕೆಲಸದವರು ನಿಂತುಕೊಂಡು ಊಟ ಮಾಡುತ್ತಿದ್ದರು. ಒಬ್ಬ ಗ್ಯಾಸ್ ಸಿಲಿಂಡರಿನ ಮೇಲೆ ತಟ್ಟೆ ಇಟ್ಟುಕೊಂಡಿದ್ದ. ಅವರ ನಡುವೆ ನನ್ನ ಗಂಡ, ಗೋಡೆಗೆ ಬೆನ್ನು ಕೊಟ್ಟು, ಎಡಗೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು, ಅನ್ನ, ತಳದ ಸಾರು, ಒಂದು ತುಂಡು ಮಾವಿನ ಉಪ್ಪಿನಕಾಯಿ. ತುತ್ತು ಸಣ್ಣದಲ್ಲ. ನಮ್ಮನ್ನು ಕಂಡು ನಿಲ್ಲಿಸಲೂ ಇಲ್ಲ.

"ಪಪ್ಪಾ, ಇದೆಂತದು?" ಮಗನಿಗೆ ಅಳುವೋ ಸಿಟ್ಟೋ ಗೊತ್ತಾಗಲಿಲ್ಲ. "ಒಳಗೆ ಪನೀರ್ ಬಿಟ್ಟು ಇಲ್ಲಿ ತಳದ ಸಾರು?"

"ಮೆಲ್ಲ ಮಾತಾಡು" ಅಂದರು ಇವರು. "ಊಟದ ಹೊತ್ತು."

ಬಡಿಸುವವರಲ್ಲಿ ಒಬ್ಬ, ತಲೆ ನರೆತವನು, ಕುಂದಾಪುರದ ಮಾತು, ನನಗೆ ಹೇಳಿದ. "ಅಕ್ಕ, ಬೇಜಾರ್ ಮಾಡ್ಕೊಳ್ಬೇಡಿ. ಕೈ ತೊಳೀಲಿಕ್ಕೆ ಬಂದವರು ಎಲ್ಲರದ್ದೂ ಆಯ್ತಾ ಅಂತ ಕೇಳಿದ್ರು. ಹಾಲ್ ಖಾಲಿ ಅಣ್ಣ, ಇನ್ನು ನಮ್ಮದು ಅಂದೆ. ನಾನೂ ಹೋಟೆಲಿನವನೇ ಅಂತ ತಟ್ಟೆ ತಕ್ಕೊಂಡ್ರು. ಗಿರಾಕಿ ಒಬ್ಬ ಕೂತಿದ್ರೂ ನಾವು ತಟ್ಟೆ ಹಿಡೀಲಿಕ್ಕಿಲ್ಲ ಅಲ್ವಾ, ಅದು ಅವರಿಗೂ ಅಭ್ಯಾಸ."

ಮೊಮ್ಮಗಳು ಬಂದು ಇಣುಕಿದಳು, "ಅಜ್ಜಾ ಖಾ ರಹೇ ಹೈಂ!" ಎಂದು ಕೂಗಿ ಮೊಬೈಲ್ ತೆಗೆದಳು. ನಾನು ಅವಳ ಕೈಗೆ ಒಂದು ಹೊಡೆದೆ. ಹುಲಿ ಮಲಗಿದ್ದನ್ನು ಕಂಡ ಹಾಗೆ ನಾವೆಲ್ಲ ಸದ್ದಿಲ್ಲದೆ ಹೊರಗೆ ಬಂದು ನಿಂತೆವು. ಇವರು ಎರಡನೇ ಸಲ ಅನ್ನ ಹಾಕಿಸಿಕೊಂಡರು ಎಂದು ಮಗ ಬಾಗಿಲ ಸಂದಿಯಿಂದ ನೋಡಿ ಬಂದು ಹೇಳಿದ.

ಮನೆಗೆ ಬಂದು ನಾನು ಯೋಚಿಸಿದೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಯೋಚನೆ ಮಾಡಲು ನನಗೆ ಹೊತ್ತು ಬೇಕು, ಕೈಯಲ್ಲಿ ಕೆಲಸವೂ ಬೇಕು. ಮೆಂತೆ ಸೊಪ್ಪು ಬಿಡಿಸುತ್ತಾ ಕೂತೆ. ನಾಲ್ಕು ಗಂಟೆಯ ಹಸಿವು ಇವರದು, ನಾವು ಒಂದು ಗಂಟೆಗೆ ಕೂರಿಸುತ್ತೇವೆ, ಅದೇ ತಪ್ಪು ಅಂದುಕೊಂಡೆ. ಮರುದಿನ ಮಗ, ಸೊಸೆ, ಮೊಮ್ಮಗಳು ತಮ್ಮ ತಮ್ಮ ಕೆಲಸಕ್ಕೆ ಡಬ್ಬಿ ಕಟ್ಟಿಕೊಂಡು ಹೋದರು. ಮನೆಯಲ್ಲಿ ನಾವಿಬ್ಬರೇ. ನಾಲ್ಕು ಗಂಟೆಯವರೆಗೆ ಊಟದ ಸುದ್ದಿ ಎತ್ತಲಿಲ್ಲ. ಆಮೇಲೆ ಅಡುಗೆಕಟ್ಟೆಯ ಮೇಲೆ ತಟ್ಟೆ ಇಟ್ಟೆ, ಕುರ್ಚಿ ಇಡಲಿಲ್ಲ.

"ನಿಂತುಕೊಂಡೇ ಉಣ್ಣಿ" ಅಂದೆ.

ಇವರಿಗೆ ಖುಷಿಯಾಯಿತು, ಮುಖದಲ್ಲಿ ಕಂಡಿತು. ತಟ್ಟೆ ಕೈಗೆ ತೆಗೆದುಕೊಂಡರು. ನಾನು ಪಕ್ಕದಲ್ಲಿ ಸೌಟು ಹಿಡಿದು ನಿಂತೆ. "ನಿನ್ನದಾಯ್ತಾ?" ಎಂದು ಕೇಳಿದರು.

"ನಿಮ್ಮದಾಗಲಿ."

ಮೂರು ತುತ್ತು. ತಟ್ಟೆ ಕಟ್ಟೆಯ ಮೇಲೆ ಕೂತಿತು. ನನಗೆ ಸೌಟಿನಲ್ಲಿ ಒಂದು ಕೊಡಬೇಕು ಅನಿಸಿತು. "ವಾಶಿಯವರ ತಳದ ಸಾರಿನಲ್ಲಿ ಇದ್ದದ್ದು ನನ್ನ ಸಾರಿನಲ್ಲಿ ಎಂತ ಇಲ್ಲ ಹೇಳಿ" ಎಂದು ಜೋರು ಮಾಡಿದೆ. "ನಿನ್ನ ಸಾರು ಚೆನ್ನಾಗುಂಟು. ಹೊಟ್ಟೆ ಬೇಡ ಅನ್ನುತ್ತದೆ, ನಾನೇನು ಮಾಡಲಿ" ಅಂದರು. ಸುಳ್ಳು ಹೇಳುತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹೀಗೆ ಸಂಕ್ರಾಂತಿಯ ಹಿಂದಿನ ದಿನದವರೆಗೆ ನಡೆಯಿತು.

ಆ ದಿನ ಮರಾಠಿಯವರಿಗೆ ಭೋಗಿ. ಚಳಿಗೆ ಬರುವ ಎಲ್ಲ ತರಕಾರಿಯನ್ನು ಒಂದೇ ಪಾತ್ರೆಗೆ ಹಾಕಿ ಎಳ್ಳು, ಶೇಂಗಾ ಪುಡಿ ಸೇರಿಸಿ ಗೊಜ್ಜಿನ ಹಾಗೆ ಮಾಡುತ್ತಾರೆ. ಗಜ್ಜರಿ, ಬದನೆ, ಬಟಾಣಿ, ಪಾವಟಾ, ಹಸಿ ಕಡಲೆ, ಬೋರೆಹಣ್ಣು ಕೂಡ. ಜೊತೆಗೆ ಎಳ್ಳು ಒತ್ತಿದ ಬಾಜರಿ ಭಾಕರಿ. ಸೊಸೆ ರಜೆ ಹಾಕಿದ್ದಳು, ಮಗನನ್ನೂ ಮೊಮ್ಮಗಳನ್ನೂ ನಿಲ್ಲಿಸಿಕೊಂಡಿದ್ದಳು. ನಮ್ಮ ಮಾಳಿಗೆಯ ಮೂರು ಮನೆಯವರನ್ನು ಊಟಕ್ಕೆ ಕರೆದಿದ್ದಳು. ವಾಚ್‌ಮನ್ ಕೂಡ ಮಂಗನ ಟೊಪ್ಪಿ ಸಮೇತ ಬಂದ.

ಭಾಕರಿ ಬಿಸಿಯಾಗಿಯೇ ತಟ್ಟೆಗೆ ಬೀಳಬೇಕು. ಸೊಸೆ ಬಡಿಯುವವಳು, ನಾನು ಸುಡುವವಳು, ಬಡಿಸಲು ಕೈ ಇಲ್ಲ. ಮೊಮ್ಮಗಳು ಪಲ್ಯ ತೆಗೆದುಕೊಂಡು ಹೋಗಿ ಎದುರು ಮನೆಯಾಕೆಯ ಸೀರೆಗೆ ಒಂದು ಸೌಟು ಬಡಿಸಿದಳು.

"ಕೊಡು ಇಲ್ಲಿ" ಎಂದು ಇವರು ಕುರ್ಚಿಯಿಂದ ಎದ್ದರು.

"ಬಾಬಾ, ತುಮ್ಹೀ ಬಸಾ, ನೀವು ಕೂತ್ಕೊಳ್ಳಿ" ಎಂದು ಸೊಸೆ ಒಳಗಿನಿಂದ ಕೂಗಿದಳು. ಇವರು ಕೇಳಿಸಿಕೊಳ್ಳಲಿಲ್ಲ. ಟವೆಲ್ ಹೆಗಲಿಗೆ ಬಿತ್ತು. ಬಾಗದ ಸೊಂಟ ಬಾಗಿತು. ಯಾರ ತಟ್ಟೆ ಖಾಲಿ, ಯಾರು ನಾಚಿಕೆಗೆ ಬೇಡ ಅನ್ನುತ್ತಾರೆ, ಯಾರಿಗೆ ನಿಜಕ್ಕೂ ಬೇಡ, ಎಲ್ಲ ಹೋಟೆಲಿನ ಹಾಗೇ. ವಾಚ್‌ಮನ್ ಭಾಕರಿ ಮೇಲೆ ಭಾಕರಿ ತಿಂದ. ಎಲ್ಲರೂ ತೇಗಿ, ಕೈ ತೊಳೆದು, ನಾಳೆಯ ಎಳ್ಳುಬೆಲ್ಲಕ್ಕೆ ತಮ್ಮ ಮನೆಗೆ ಬನ್ನಿ ಎಂದು ಹೇಳಿ ಹೋದರು. ನಮ್ಮ ಮಗ, ಮೊಮ್ಮಗಳು ಉಂಡರು. ಕಡೆಗೆ ಸೊಸೆಯನ್ನೂ ಕೂರಿಸಿ ಇವರೇ ಬಡಿಸಿದರು. ಅವಳು ಮರಾಠಿಯಲ್ಲಿ ನಾಚಿಕೊಂಡು ಕನ್ನಡದಲ್ಲಿ ಉಂಡಳು.

ಆಮೇಲೆ ಇವರು ಅಡುಗೆಮನೆಗೆ ಬಂದರು. ಹೊತ್ತು ನಾಲ್ಕರ ಹತ್ತಿರ. ನಾನು ಇವರಿಗೆಂದು ತಟ್ಟೆಗೆ ಭಾಕರಿ ಹಾಕಿ ಬೆಣ್ಣೆ ಇಟ್ಟೆ. ಇವರು ತಟ್ಟೆ ತೆಗೆದುಕೊಳ್ಳಲಿಲ್ಲ.

"ನಿನ್ನದು?" ಅಂದರು.

"ನಿಮ್ಮ ನಂತರ" ಅಂದೆ. ಅಂದವಳು ಅಲ್ಲಿಗೇ ನಿಂತೆ. ವಾಶಿಯ ನರೆತ ತಲೆಯವನು ಹೇಳಿದ ಮಾತು ಈಗ ಬಂದು ಕಿವಿಗೆ ಮುಟ್ಟಿತು, ಬತ್ತಿ ಹೊಗೆಯಾಡಿದ ಪಟಾಕಿ ತಡವಾಗಿ ಸಿಡಿದ ಹಾಗೆ. ಗಿರಾಕಿ ಒಬ್ಬ ಉಳಿದರೂ ತಟ್ಟೆ ಹಿಡಿಯುವ ಹಾಗಿಲ್ಲ. ಆ ಒಬ್ಬ ಗಿರಾಕಿ ನಾನು. ಎರಡು ತಿಂಗಳಿನಿಂದ ಇವರು ನನಗೆ ಕಾಯುತ್ತಿದ್ದಾರೆ, ನಾನು ಇವರಿಗೆ ಕಾಯುತ್ತಿದ್ದೇನೆ. ಇವರ ಹೊಟ್ಟೆಗೆ ಬುದ್ಧಿಗಿಂತ ಜಾಸ್ತಿ ನೆನಪು. ಹೀಗೇ ಬಿಟ್ಟರೆ ಇಬ್ಬರೂ ಮರ್ಯಾದೆಯಿಂದ ಉಪವಾಸ ಸಾಯುತ್ತೇವೆ.

ಗಂಡನಿಗಿಂತ ಮೊದಲು, ಗಂಡನ ಎದುರಿಗೆ ಕೂತು ಉಣ್ಣುವುದು. ನನ್ನಮ್ಮ ನೋಡಿದ್ದರೆ ಎದ್ದು ಹೋಗುತ್ತಿದ್ದಳು. ಆದರೆ ಮೂಗಿನ ನಳಿಗೆ ನೆನಪಾಯಿತು. ಸೀದಾ ಹೋಗಿ ಕೈಯಿರುವ ಆ ಕುರ್ಚಿಯಲ್ಲಿ ಕೂತೆ.

"ನನಗೆ ಹಸಿವಾಗಿದೆ" ಅಂದೆ. "ಬಡಿಸುತ್ತೀರೋ, ಬೇರೆ ಹೋಟೆಲಿಗೆ ಹೋಗಲೋ?"

ಇವರು ಒಂದು ಗಳಿಗೆ ನೋಡಿದರು. ಮೀಸೆಯ ಕೆಳಗೆ ನಗು ಬಂತು. ತಟ್ಟೆ ತಂದು ನನ್ನ ಎದುರಿಗಿಟ್ಟು ತಿರುಗಿಸಿದರು, ಪಲ್ಯ ನನ್ನ ಬಲಗೈ ಕಡೆಗೆ ಬರುವ ಹಾಗೆ. ಭಾಕರಿಯ ಬೆಣ್ಣೆ ಇನ್ನೂ ಕರಗುತ್ತಿತ್ತು. ಮದುವೆಯಾದ ಮೇಲೆ ಮನೆಯಲ್ಲಿ ಬೇರೆಯವರು ಬಡಿಸಿ ನಾನು ಬಿಸಿ ಊಟ ಕೂತು ಉಂಡದ್ದು ಬಾಣಂತನದಲ್ಲಿ ಒಮ್ಮೆ, ಅದೂ ಕಾಳುಮೆಣಸಿನ ಕಷಾಯದ ಜೊತೆ. ಭಾಕರಿ ಬಾಯಿ ಸುಟ್ಟಿತು, ನಾನು ಬಿಡಲಿಲ್ಲ. ಇವರು ಪಕ್ಕದಲ್ಲೇ ನಿಂತು ಮತ್ತೆ ಪಲ್ಯ ಹಾಕಿದರು, ಮಜ್ಜಿಗೆ ಹಾಕಿದರು. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಹಾಕಿದರು.

"ಸಾಕು, ಹೊಟ್ಟೆ ಒಡೆಯುತ್ತದೆ!"

"ಆಯ್ತಾ?"

"ಆಯ್ತು."

"ಸರಿ ಹಾಗಾದರೆ" ಎಂದು ಇವರು ಟವೆಲಿನಿಂದ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದರು. ನಾನು ಹಿಂದೆ ತಿರುಗಿ ನೋಡಲಿಲ್ಲ. ಕೇಳಿಸಿಕೊಂಡೆ. ಪಾತ್ರೆಯ ತಳಕ್ಕೆ ಸೌಟು ಕೆರೆದ ಸದ್ದು, ಭಾಕರಿ ಮುರಿದ ಸದ್ದು, ಆಮೇಲೆ ಸೌಟು ಮತ್ತೊಮ್ಮೆ. ಮಗ ಬಾಗಿಲಲ್ಲಿ ಬಂದು ನಿಂತ. ಬಾಯಿ ತೆರೆಯಬೇಡ ಎಂದು ಕಣ್ಣಲ್ಲೇ ಹೇಳಿದೆ.

ಸಂಕ್ರಾಂತಿ ಕಳೆದು ಡಾಕ್ಟರ ಹತ್ತಿರ ಹೋದಾಗ ತೂಕದ ಮುಳ್ಳು ಸ್ವಲ್ಪವೇ ಏರಿತ್ತು. ಸ್ವಲ್ಪವೇ, ಆದರೆ ಇಳಿದಿರಲಿಲ್ಲ. "ಯಾವ ಟಾನಿಕ್ ಕೊಟ್ಟಿರಿ?" ಎಂದು ಡಾಕ್ಟರು ಕೇಳಿದರು. "ನಾನು ಉಂಡೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಲು ಹೊರಗೆ ಪೇಷಂಟುಗಳ ಸಾಲಿತ್ತು.

ಈಗ ಮತ್ತೆ ಚಳಿ ಬಂದಿದೆ. ಬೆಲ್ಟಿನ ಹೊಸ ತೂತುಗಳು ಖಾಲಿ ಬಿದ್ದಿವೆ. ಮಧ್ಯಾಹ್ನ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಇವರು ಬಡಿಸುತ್ತಾರೆ. ಅನ್ನ ಗಟ್ಟಿಯಾಯಿತು, ಒಗ್ಗರಣೆ ಸೀದಿದೆ ಎಂದು ನನ್ನ ಅಡುಗೆಯ ತಪ್ಪು ನನಗೇ ಹೇಳುತ್ತಾ ಬಡಿಸುತ್ತಾರೆ. ಎದುರು ಮನೆಯಾಕೆ ಬಾಗಿಲಿನಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ಇಡಲಿ. ನಿನ್ನೆ ಬಟಾಣಿಯ ಹುಳಿ ಮಾಡಿದ್ದೆ. ಇವರು ಸೌಟು ಹಿಡಿದು ಕಾಯುತ್ತಿದ್ದಾರೆ ಎಂದು ನಾನು ಬೇಗ ಬೇಗ ತಿನ್ನುತ್ತಿದ್ದೆ.

"ಮೆಲ್ಲ ತಿನ್ನು ಮಾರಾಯ್ತಿ" ಅಂದರು. "ಹಾಲ್ ಮುಚ್ಚಲಿಕ್ಕೆ ಹೊತ್ತುಂಟು."